ಹುಳಿ ಬೇರೆಯಾದರೆ ರುಚಿ ಬೇರೆ

ಕೃಷಿ ಮತ್ತು ಆರೋಗ್ಯ



ಕಳೆದ ಕ್ರಿಸ್ತ ಜಯಂತಿಯ ಮಾರನೆಯ ದಿನ ಬಲಿಪೂಜೆ ಮುಗಿದ ಮೇಲೆ ಇಬ್ಬರು ತಾಯಂದಿರು ಒಂದೊಂದು ಸಣ್ಣ ಸೀಸೆ ಹಿಡಿದು ಗುರುನಿವಾಸಕ್ಕೆ ಬಂದರು. ಇಬ್ಬರೂ ಹಿಂದೂಪುರದ ಒಂದೇ ಬೀದಿಯವರು. ಗೌರಿಬಿದನೂರು ಕಡೆಯಿಂದ ಬಂದ ಒಂದೇ ಗಾಡಿಯಲ್ಲಿ ನೀಲಿ ದ್ರಾಕ್ಷಿ ಕೊಂಡವರು, ಒಂದೇ ದಿನ ಹಿಸುಕಿದವರು, ಒಂದೇ ಅಳತೆಯ ಸಕ್ಕರೆ ಹಾಕಿದವರು. ಆದರೂ ಒಬ್ಬರ ದ್ರಾಕ್ಷಾರಸ ಬನ್ನಿನ ಹಿಟ್ಟಿನಂತೆ ವಾಸನೆ ಬರುತ್ತಿತ್ತು, ನಾಲಗೆಯ ಹಿಂದೆ ಕಹಿ ನಿಲ್ಲುತ್ತಿತ್ತು. ಇನ್ನೊಬ್ಬರದು ಹಣ್ಣಿನಂತೆಯೇ ಇತ್ತು, ಆದರೆ ಮೂಗಿಗೆ ಉಗುರು ಬಣ್ಣದ ಘಾಟು ಹೊಡೆಯುತ್ತಿತ್ತು. ಕಲ್ಯಾಣದುರ್ಗದಲ್ಲಿರುವ ನಾದಿನಿಯದಂತೂ ಪೂರ್ತಿ ವಿನೆಗರ್ ಆಗಿ ಉಪ್ಪಿನಕಾಯಿಗೆ ಹೋಯಿತಂತೆ. "ಫಾದರ್, ತಪ್ಪು ಯಾರದು? ದ್ರಾಕ್ಷಿದಾ, ಸಕ್ಕರೆದಾ, ಕೈದಾ?" ಎಂದು ಕೇಳಿದರು.

ಅವರ ಹಿಂದೆ ಬಾಗಿಲ ಬಳಿ ಇನ್ನೊಬ್ಬ ತಾಯಿ ನಿಂತಿದ್ದರು. ಅವರಿಬ್ಬರೂ ಹೋಗುವವರೆಗೆ ಕಾದು ಮೆಲ್ಲಗೆ ಹೇಳಿದರು: "ಫಾದರ್, ನಮ್ಮನೆಯವರು ಕುಡಿಯೋದು ಬಿಟ್ಟು ಒಂಬತ್ತು ತಿಂಗಳಾಯ್ತು. ಹಬ್ಬದ ದಿನ ಯಾರ ಮನೆಗೆ ಹೋದ್ರೂ ಒಂದು ಲೋಟ ಕೊಡ್ತಾರೆ. ಬೇಡ ಅಂದ್ರೆ, ಇದು ಬರೀ ಹಣ್ಣಿನ ರಸ ಅಂತಾರೆ. ಬರೋ ವರ್ಷ ನಾನೇನು ಮಾಡ್ಲಿ?"

ಎರಡು ಪ್ರಶ್ನೆಗಳೂ ನಮ್ಮ ಮನಸ್ಸಿನಲ್ಲಿ ಉಳಿದವು. ಮೊದಲನೆಯದು ರುಚಿಯ ಪ್ರಶ್ನೆ, ಎರಡನೆಯದು ಬಾಳಿನ ಪ್ರಶ್ನೆ. ಎರಡಕ್ಕೂ ಉತ್ತರ ಒಂದೇ ಸಣ್ಣ ಜೀವಿಯಲ್ಲಿದೆ. ಅದೇ ಯೀಸ್ಟ್. ಈ ಸಲದ ಅಂಕಣದಲ್ಲಿ ಅದರ ಬಗ್ಗೆ ತಿಳಿಯೋಣ.

ಯೀಸ್ಟ್ ಎಂದರೇನು?

ಯೀಸ್ಟ್ ಬರಿಗಣ್ಣಿಗೆ ಕಾಣದ ಒಂದು ಬಗೆಯ ಶಿಲೀಂಧ್ರ. ಅಣಬೆಯ ಕುಲಕ್ಕೆ ಸೇರಿದ್ದು. ಹಣ್ಣಿನ ಸಿಪ್ಪೆ, ಹೂವು, ಮರದ ತೊಗಟೆ, ನಮ್ಮ ಮನೆಯ ಪಾತ್ರೆ, ಎಲ್ಲೆಲ್ಲೂ ಇರುತ್ತದೆ. ಸಿಹಿ ಸಿಕ್ಕಿದ ಕಡೆ ಒಂದು ಹತ್ತಾಗಿ, ಹತ್ತು ಸಾವಿರವಾಗಿ ಬೆಳೆಯುತ್ತದೆ. ಸಕ್ಕರೆಯನ್ನು ತಿಂದು ಎರಡು ವಸ್ತುಗಳನ್ನು ಹೊರಗೆ ಬಿಡುತ್ತದೆ: ಒಂದು ಇಂಗಾಲದ ಡೈ ಆಕ್ಸೈಡ್ ಎಂಬ ಅನಿಲ, ಇನ್ನೊಂದು ಮದ್ಯಸಾರ. ರೊಟ್ಟಿ ಉಬ್ಬುವುದು ಆ ಅನಿಲದಿಂದ, ಹೆಂಡ ಅಮಲೇರುವುದು ಆ ಮದ್ಯಸಾರದಿಂದ. ಕೆಲಸ ಒಂದೇ, ಪಾತ್ರೆ ಬೇರೆ.

ಸಾವಿರಾರು ವರ್ಷ ಜನರು ಇದನ್ನು ಬಳಸಿದರೂ ಇದು ಜೀವಿಯೆಂದು ತಿಳಿದಿರಲಿಲ್ಲ. ಫ್ರಾನ್ಸಿನ ಲೂಯಿ ಪಾಶ್ಚರ್ ಅವರು 1857ರಿಂದ ನಡೆಸಿದ ಸಂಶೋಧನೆಗಳಿಂದ, ಹುಳಿ ಬರುವುದು ಜೀವಿಗಳ ಕೆಲಸ, ಬೇರೆ ಬೇರೆ ಜೀವಿಗಳು ಬೇರೆ ಬೇರೆ ಹುಳಿ ಕೊಡುತ್ತವೆ ಎಂಬುದು ಸ್ಪಷ್ಟವಾಯಿತು. 1883ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿದ್ದ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಹ್ಯಾನ್ಸನ್ ಅವರು ಒಂದೇ ಒಂದು ಯೀಸ್ಟ್ ಕಣವನ್ನು ಬೇರ್ಪಡಿಸಿ, ಅದರ ಸಂತಾನವನ್ನಷ್ಟೇ ಬೆಳೆಸಿ ಬೀರು ತಯಾರಿಸಿದರು. ಅಂದಿನಿಂದ ಯೀಸ್ಟನ್ನು ನಾವು ಬಿತ್ತನೆ ಬೀಜದಂತೆ ಆರಿಸಬಹುದಾಯಿತು.

ಬೀಜದ ಹೋಲಿಕೆ ರೈತರಿಗೆ ಸುಲಭವಾಗಿ ಅರ್ಥವಾಗುತ್ತದೆ. ಅದೇ ಕೆಂಪು ನೆಲ, ಅದೇ ಮಳೆ. ಆದರೂ ಟಿ.ಎಂ.ವಿ. 2 ಕಡಲೆಕಾಯಿ ಬಿತ್ತಿದರೆ ಒಂದು ಫಸಲು, ಕದಿರಿ 6 ಬಿತ್ತಿದರೆ ಇನ್ನೊಂದು ಫಸಲು. ಹಾಗೆಯೇ ಒಂದೇ ರಸಕ್ಕೆ ಬೇರೆ ಯೀಸ್ಟ್ ಬಿದ್ದರೆ ಬೇರೆ ರುಚಿ. ಯೀಸ್ಟ್ ಮದ್ಯಸಾರದ ಜೊತೆಗೆ ಎಸ್ಟರ್ ಮುಂತಾದ ನೂರಾರು ಪರಿಮಳ ವಸ್ತುಗಳನ್ನು ಅತಿ ಸ್ವಲ್ಪ ಪ್ರಮಾಣದಲ್ಲಿ ತಯಾರಿಸುತ್ತದೆ. ನಾಲಗೆಗಿಂತ ಮೂಗಿಗೆ ತಿಳಿಯುವ ವ್ಯತ್ಯಾಸ ಅದೇ.

ನಾಲ್ಕು ಬಗೆಯ ಹುಳಿ

1. ಹಣ್ಣಿನ ಮೇಲಿನ ಕಾಡು ಯೀಸ್ಟ್. ಏನನ್ನೂ ಬೆರೆಸದೆ ದ್ರಾಕ್ಷಿಯನ್ನು ಹಿಸುಕಿಟ್ಟರೆ ಮೊದಲು ಎದ್ದು ಕೆಲಸ ಮಾಡುವುದು ಸಿಪ್ಪೆಯ ಮೇಲಿದ್ದ ಕಾಡು ಯೀಸ್ಟ್. ಇದರಲ್ಲಿ ನಿಂಬೆಯಾಕಾರದ ಹ್ಯಾನ್ಸೆನಿಯಾಸ್ಪೋರ ಎಂಬ ಬಗೆ ಹೆಚ್ಚು. ಇದು ಹಣ್ಣಿನ, ಹೂವಿನ ಪರಿಮಳ ಕೊಡುತ್ತದೆ. ಹೆಚ್ಚಾದರೆ ಈಥೈಲ್ ಅಸಿಟೇಟ್ ಎಂಬ ವಸ್ತು ಕಟ್ಟಿಕೊಂಡು ಉಗುರು ಬಣ್ಣದ ಘಾಟು ಬರುತ್ತದೆ. ಎರಡನೆಯ ತಾಯಿಯ ಸೀಸೆಯಲ್ಲಿದ್ದದ್ದು ಇದೇ. ಮದ್ಯಸಾರ ಸ್ವಲ್ಪ ಏರುತ್ತಲೇ ಈ ಯೀಸ್ಟ್ ಸೋಲುತ್ತದೆ. ಆಮೇಲೆ ಗಟ್ಟಿಮುಟ್ಟಾದ ಸ್ಯಾಕರೋಮೈಸಿಸ್ ಎಂಬ ಬಗೆ ಉಳಿದ ಕೆಲಸ ಮುಗಿಸುತ್ತದೆ. ಯಾವುದು ಎಷ್ಟು ದಿನ ಆಳುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಆದ್ದರಿಂದಲೇ ಒಂದು ವರ್ಷದ ರುಚಿ ಮರುವರ್ಷ ಬರುವುದಿಲ್ಲ.

2. ಬೇಕರಿ ಯೀಸ್ಟ್. ಅಂಗಡಿಯಲ್ಲಿ ಸಿಗುವ ಕಂದು ಬಣ್ಣದ ಒಣ ಕಾಳು. ಇದೂ ಸ್ಯಾಕರೋಮೈಸಿಸ್ ಸೆರೆವಿಸಿಯೆ ಕುಲದ್ದೇ. ಆದರೆ ಬೇಗ ಬೇಗ ಅನಿಲ ಬಿಡಲಿ, ಹಿಟ್ಟು ಉಬ್ಬಲಿ ಎಂದು ಆರಿಸಿ ಬೆಳೆಸಿದ್ದು. ರಸಕ್ಕೆ ಹಾಕಿದರೆ ಭರದಿಂದ ನೊರೆ ಎಬ್ಬಿಸುತ್ತದೆ, ಪಾತ್ರೆಯ ತಳಕ್ಕೆ ಗಟ್ಟಿಯಾಗಿ ಕೂರುವುದಿಲ್ಲ, ರಸ ಮಬ್ಬಾಗಿಯೇ ಉಳಿಯುತ್ತದೆ. ಸತ್ತ ಯೀಸ್ಟಿನ ಮೇಲೆ ರಸ ಬಹಳ ದಿನ ನಿಂತರೆ ಹಿಟ್ಟಿನ ವಾಸನೆ, ಕಹಿ ಬರುತ್ತದೆ. ಮೊದಲನೆಯ ತಾಯಿಯ ಸೀಸೆಯ ಕಥೆ ಇದು. ಉಳುವ ಎತ್ತನ್ನು ಓಟದ ಪಂದ್ಯಕ್ಕೆ ಬಿಟ್ಟರೆ ತಪ್ಪು ಎತ್ತಿನದಲ್ಲ.

3. ದ್ರಾಕ್ಷಾರಸದ ಯೀಸ್ಟ್. ದ್ರಾಕ್ಷಾರಸ ತಯಾರಿಕೆಗೆಂದೇ ಆರಿಸಿದ್ದು. ನಿಧಾನವಾಗಿ, ಸಮನಾಗಿ ಕೆಲಸ ಮಾಡುತ್ತದೆ. ಮುಗಿದ ಮೇಲೆ ತಳಕ್ಕೆ ಕೂತು ರಸವನ್ನು ತಿಳಿಯಾಗಿಸುತ್ತದೆ. ಹಣ್ಣಿನ ಸ್ವಂತ ಪರಿಮಳ ಕಾಪಾಡುತ್ತದೆ. ಇದರಲ್ಲೂ ಬಗೆಗಳಿವೆ. ಶಾಂಪೇನ್ ಯೀಸ್ಟ್ ಎಂಬುದು ಹೆಚ್ಚು ಮದ್ಯಸಾರವನ್ನು ತಡೆದುಕೊಂಡು ಸಕ್ಕರೆಯನ್ನೆಲ್ಲ ತಿಂದು ರಸವನ್ನು ಸಿಹಿಯಿಲ್ಲದಂತೆ ಮಾಡುತ್ತದೆ. ಆದರೆ ಒಂದು ಮಾತು: ನಮ್ಮ ಸೀಮೆಯ ಪಕ್ಕದ ಬೆಂಗಳೂರು ನೀಲಿ ದ್ರಾಕ್ಷಿಗೆ ತನ್ನದೇ ಗಾಢ ಪರಿಮಳವಿದೆ. ಅದಕ್ಕೆ 2013ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಯಾವ ಯೀಸ್ಟ್ ಹಾಕಿದರೂ ಆ ಪರಿಮಳ ಹೋಗದು. ಯೀಸ್ಟ್ ರುಚಿಯನ್ನು ತಿದ್ದುತ್ತದೆ. ಹಣ್ಣಿನಲ್ಲಿ ಇಲ್ಲದ್ದನ್ನೆಲ್ಲ ಹುಟ್ಟಿಸಲಾರದು.

4. ಹೆಂಡದ ಹುಳಿ. ತೆಲುಗಿನವರು ಕಲ್ಲು ಎನ್ನುವ ಈಚಲು ಹೆಂಡ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮರದಿಂದ ಇಳಿಯುವ ರಸ ಸಿಹಿಯಾದ ನೀರಾ. ಮಡಕೆಯೊಳಗೆ ಸುಣ್ಣ ಬಳಿದಿದ್ದರೆ ಅದು ಸಿಹಿಯಾಗಿಯೇ ಇರುತ್ತದೆ, ಏಕೆಂದರೆ ಸುಣ್ಣದ ಕ್ಷಾರದಲ್ಲಿ ಯೀಸ್ಟ್ ಬೆಳೆಯದು. ಸುಣ್ಣವಿಲ್ಲದ ಹಳೆಯ ಮಡಕೆಯಾದರೆ, ನಿನ್ನೆಯ ಹೆಂಡದ ಯೀಸ್ಟ್ ಅದರ ಗೋಡೆಯಲ್ಲಿ ಕಾದಿರುತ್ತದೆ. ಮರದ ಮೇಲೆಯೇ ಹುಳಿ ಶುರು. ಇಲ್ಲಿ ಯೀಸ್ಟ್ ಒಂಟಿಯಲ್ಲ. ಜೈಮೊಮೋನಾಸ್ ಎಂಬ ಬ್ಯಾಕ್ಟೀರಿಯಾ, ಮೊಸರಿನ ಜಾತಿಯ ಬ್ಯಾಕ್ಟೀರಿಯಾ, ವಿನೆಗರ್ ಬ್ಯಾಕ್ಟೀರಿಯಾ ಎಲ್ಲವೂ ಒಂದರ ಹಿಂದೆ ಒಂದು ಸಾಲಾಗಿ ಬರುತ್ತವೆ. ಅದಕ್ಕೇ ಬೆಳಿಗ್ಗೆ ಸಿಹಿಯಾಗಿದ್ದದ್ದು ಮಧ್ಯಾಹ್ನಕ್ಕೆ ಅಮಲು, ಮರುದಿನಕ್ಕೆ ಬರೀ ಹುಳಿ.

ಬೀರು ಮತ್ತು ಸೈಡರ್

ಪಟ್ಟಣದಲ್ಲಿ ಓದುವ ನಮ್ಮ ಯುವಕರು ಬೀರಿನ ವಿಷಯವನ್ನೂ ಕೇಳುತ್ತಾರೆ. ಬೀರು ಎಂದರೆ ಮೊಳಕೆ ಬರಿಸಿದ ಬಾರ್ಲಿಯ ರಸವನ್ನು ಹುಳಿಸಿದ್ದು. ಮೊಳಕೆ ಯಾಕೆ? ಮೊಳಕೆಯೊಡೆದಾಗ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಹಿಟ್ಟನ್ನು ಸಕ್ಕರೆಯಾಗಿ ಒಡೆಯುತ್ತದೆ; ಯೀಸ್ಟಿಗೆ ಸಕ್ಕರೆ ಬೇಕು. ಕೂಸಿಗೆ ಮೊಳಕೆ ರಾಗಿಯ ಸರಿ ಕಾಯಿಸುವ ತಾಯಂದಿರಿಗೆ ಇದು ಹೊಸದಲ್ಲ. ಸಾದಾ ರಾಗಿ ಗಂಜಿಗಿಂತ ಮೊಳಕೆ ರಾಗಿ ಗಂಜಿ ತೆಳ್ಳಗೆ, ಸ್ವಲ್ಪ ಸಿಹಿಯಾಗಿ ಇರುವುದು ಇದೇ ಕಾರಣಕ್ಕೆ. ಆಫ್ರಿಕಾದ ಉಗಾಂಡದಲ್ಲಿ ತೇಸೋ ಜನರು ಇದೇ ರಾಗಿಯಿಂದ ಅಜೋನ್ ಎಂಬ ಬೀರು ಮಾಡಿ, ಒಂದೇ ಮಡಕೆಗೆ ಉದ್ದ ಕೊಳವೆಗಳನ್ನಿಟ್ಟು ಸುತ್ತ ಕುಳಿತು ಹೀರುತ್ತಾರೆ.

ಯೀಸ್ಟ್ ಬದಲಾದರೆ ರುಚಿ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಬೀರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇಂಗ್ಲೆಂಡಿನ ಏಲ್ ಬೀರಿನ ಯೀಸ್ಟ್ ಸುಮಾರು 15ರಿಂದ 24 ಡಿಗ್ರಿ ಸೆಂಟಿಗ್ರೇಡ್ ಉಷ್ಣಾಂಶದಲ್ಲಿ ಕೆಲಸ ಮಾಡಿ ಹಣ್ಣಿನ ಪರಿಮಳ ಕೊಡುತ್ತದೆ. ಜರ್ಮನಿಯ ಬವೇರಿಯದಲ್ಲಿ ಗೋಧಿ ಬೀರಿಗೆ ಬಳಸುವ ಯೀಸ್ಟ್ ಮಾಗಿದ ಬಾಳೆಹಣ್ಣು ಮತ್ತು ಲವಂಗದ ವಾಸನೆ ತರುತ್ತದೆ; ಆ ಬೀರಿಗೆ ಯಾರೂ ಬಾಳೆಯನ್ನೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ. ಲಾಗರ್ ಯೀಸ್ಟ್ ಸುಮಾರು 7ರಿಂದ 13 ಡಿಗ್ರಿ ಚಳಿಯಲ್ಲಿ ವಾರಗಟ್ಟಲೆ ನಿಧಾನವಾಗಿ ದುಡಿದು ಶುಭ್ರ ರುಚಿ ಕೊಡುತ್ತದೆ. ಅದರಲ್ಲಿ ಧಾನ್ಯದ ರುಚಿಯೇ ಮುಂದೆ. ಈ ಲಾಗರ್ ಯೀಸ್ಟ್ ಒಂದು ಸಂಕರ ತಳಿ. ಅದರ ಕಾಡು ಪೂರ್ವಜರಲ್ಲಿ ಒಂದು ದಕ್ಷಿಣ ಅಮೆರಿಕದ ಪಟಗೋನಿಯಾ ಕಾಡಿನಲ್ಲಿರುವುದು 2011ರಲ್ಲಿ ಪ್ರಕಟವಾಯಿತು.

ಸೈಡರ್ ಎಂದರೆ ಸೇಬಿನ ರಸ ಹುಳಿಸಿದ್ದು. ಇಂಗ್ಲೆಂಡಿನ ಪಶ್ಚಿಮ ಭಾಗ, ಫ್ರಾನ್ಸಿನ ನಾರ್ಮಂಡಿಯ ರೈತರು ಇದನ್ನು ಚಳಿಗಾಲದಲ್ಲಿ ಕಾಡು ಯೀಸ್ಟಿನಿಂದಲೇ ತಿಂಗಳುಗಟ್ಟಲೆ ಮಾಗಿಸುತ್ತಿದ್ದರು. ಅದರಲ್ಲಿ ಹಣ್ಣಿನ ಜೊತೆಗೆ ಮಣ್ಣು, ಚರ್ಮ, ಕೊಟ್ಟಿಗೆಯ ಘಮಲೂ ಇರುತ್ತದೆ. ಅದೇ ರಸಕ್ಕೆ ದ್ರಾಕ್ಷಾರಸದ ಯೀಸ್ಟ್ ಹಾಕಿದರೆ ತಿಳಿಯಾದ, ಚುರುಕಾದ ರುಚಿ. ಏಲ್ ಯೀಸ್ಟ್ ಹಾಕಿದರೆ ಮೃದುವಾದ, ಸ್ವಲ್ಪ ಸಿಹಿ ಉಳಿದ ರುಚಿ. ಬೇಕರಿ ಯೀಸ್ಟ್ ಹಾಕಿದರೆ ಮಬ್ಬು, ಹಿಟ್ಟಿನ ವಾಸನೆ. ನಮ್ಮ ಇಬ್ಬರು ತಾಯಂದಿರ ಸೀಸೆಗಳು ಹೇಳಿದ್ದೂ ಇದನ್ನೇ.

ಸೆಕೆಯೇ ಅರ್ಧ ಅಡುಗೆಯವನು

ಒಂದೇ ಯೀಸ್ಟ್ ಎರಡು ಊರಲ್ಲಿ ಎರಡು ರುಚಿ ಕೊಡಬಹುದು. ಕಾರಣ ಉಷ್ಣಾಂಶ. ಸುಮಾರು 30 ಡಿಗ್ರಿ ದಾಟಿದರೆ ಯೀಸ್ಟ್ ಅವಸರಪಡುತ್ತದೆ. ಖಾರವಾದ, ಗಂಟಲು ಸುಡುವ ಭಾರದ ಮದ್ಯಸಾರಗಳನ್ನು ಹೆಚ್ಚಾಗಿ ಬಿಡುತ್ತದೆ. ತಗಡಿನ ಮನೆಯಲ್ಲಿ, ಒಲೆಯ ಪಕ್ಕದಲ್ಲಿಟ್ಟ ಭರಣಿಗೂ ಕಲ್ಲು ಚಪ್ಪಡಿಯ ತಣ್ಣನೆ ಕೋಣೆಯಲ್ಲಿಟ್ಟ ಭರಣಿಗೂ ಇರುವ ವ್ಯತ್ಯಾಸ ಇದೇ. ಬೇಸಿಗೆಯಲ್ಲಿ ದೋಸೆ ಹಿಟ್ಟು ಮೂರೇ ತಾಸಿಗೆ ಉಕ್ಕಿ ಹುಳಿಯಾಗುವುದನ್ನು, ಡಿಸೆಂಬರಿನಲ್ಲಿ ರಾತ್ರಿಯಿಡೀ ಕಾದರೂ ಏಳದಿರುವುದನ್ನು ನೀವು ಕಂಡೇ ಇದ್ದೀರಿ.

ವಾಸನೆಯೇ ಕಾರಣ ಹೇಳುತ್ತದೆ:

ಉಗುರು ಬಣ್ಣದ ಘಾಟು: ಕಾಡು ಯೀಸ್ಟ್ ಹೆಚ್ಚಾಗಿದೆ, ಗಾಳಿ ತಗುಲಿದೆ.
ವಿನೆಗರ್ ಹುಳಿ: ಮುಚ್ಚಳ ಸಡಿಲವಿತ್ತು, ಗಾಳಿಯ ಜೊತೆ ನೊಣ ತಂದ ಅಸಿಟಿಕ್ ಬ್ಯಾಕ್ಟೀರಿಯಾ ಮದ್ಯಸಾರವನ್ನು ವಿನೆಗರ್ ಮಾಡಿದೆ. ಕಲ್ಯಾಣದುರ್ಗದ ನಾದಿನಿಯ ಭರಣಿಗೆ ಆದದ್ದು ಇದು.
ಕೊಳೆತ ಮೊಟ್ಟೆಯ ವಾಸನೆ: ಯೀಸ್ಟಿಗೆ ಸಾರಜನಕದ ಆಹಾರ ಸಾಲದೆ ಗಂಧಕದ ಅನಿಲ ಬಿಟ್ಟಿದೆ. ಯೂರಿಯಾ ಕಾಣದ ಪೈರಿನಂತೆ ಅದೂ ನರಳುತ್ತದೆ. ಹಾಗೆಂದು ಹೊಲದ ಯೂರಿಯಾವನ್ನು ಭರಣಿಗೆ ಹಾಕುವ ಮೂರ್ಖತನ ಯಾರೂ ಮಾಡಬಾರದು.
ಹಿಟ್ಟಿನ ವಾಸನೆ, ಕಹಿ: ಬೇಕರಿ ಯೀಸ್ಟ್ ಹೆಚ್ಚಾಗಿದೆ, ಗಸಿಯ ಮೇಲೆ ಬಹಳ ದಿನ ನಿಂತಿದೆ.
ಲೋಹದ ರುಚಿ: ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆ. ಹುಳಿಗೆ ತಾಮ್ರ ಕರಗಿ ವಾಂತಿ, ಹೊಟ್ಟೆನೋವು ತರುತ್ತದೆ. ಇದನ್ನು ಚೆಲ್ಲಲೇಬೇಕು.

ಇನ್ನೊಂದು ಎಚ್ಚರಿಕೆ. ಹುಳಿ ಇನ್ನೂ ನಡೆಯುತ್ತಿರುವ ರಸವನ್ನು ಗಾಜಿನ ಸೀಸೆಗೆ ತುಂಬಿ ಬಿರಡೆ ಬಿಗಿದರೆ ಅನಿಲದ ಒತ್ತಡಕ್ಕೆ ಸೀಸೆ ಸಿಡಿಯುತ್ತದೆ. ಗಾಜಿನ ಚೂರು ಮಗುವಿನ ಕಣ್ಣಿಗೆ ಬಿದ್ದರೆ ಹಬ್ಬ ಆಸ್ಪತ್ರೆಯಲ್ಲಿ ಮುಗಿಯುತ್ತದೆ.

ಬರೀ ಹಣ್ಣಿನ ರಸವೇ?

ಈಗ ಬಾಗಿಲ ಬಳಿ ನಿಂತಿದ್ದ ತಾಯಿಯ ಪ್ರಶ್ನೆಗೆ ಬರೋಣ.

ಮನೆಯ ದ್ರಾಕ್ಷಾರಸ ಸಿಹಿಯಾಗಿರುತ್ತದೆ, ಆದ್ದರಿಂದ ಸೌಮ್ಯ ಎಂದು ನಾವು ಭಾವಿಸುತ್ತೇವೆ. ಲೆಕ್ಕ ಹಾಕಿ ನೋಡಿ. ಒಂದು ಲೀಟರು ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ನೂರಕ್ಕೆ 1 ಪಾಲು ಮದ್ಯಸಾರ ಬರುತ್ತದೆ. ನಾವು ಹಣ್ಣಿನ ಸಕ್ಕರೆ ಸಾಲದೆಂದು ಸೇರುಗಟ್ಟಲೆ ಸಕ್ಕರೆ ಸುರಿಯುತ್ತೇವೆ. 200 ಗ್ರಾಂ ಸಕ್ಕರೆ ಹುಳಿತರೆ ನೂರಕ್ಕೆ ಸುಮಾರು 12 ಪಾಲು ಮದ್ಯಸಾರ! ಸಾದಾ ಬೀರಿನಲ್ಲಿ ಇರುವುದು ಸುಮಾರು 5 ಪಾಲು. ಉಳಿದ ಸಕ್ಕರೆಯ ಸಿಹಿ ಆ ಖಾರವನ್ನು ಮುಚ್ಚಿಡುತ್ತದೆ, ಅಷ್ಟೆ. ಇದನ್ನು "ಬರೀ ಹಣ್ಣಿನ ರಸ" ಎಂದು ಮಕ್ಕಳಿಗೂ ಬಸುರಿಗೂ ಕುಡಿತ ಬಿಟ್ಟವನಿಗೂ ಕೊಡುವುದು ಸುಳ್ಳು ಹೇಳಿದಂತೆಯೇ.

ಕುಡಿತ ಬಿಡಿಸಲು ಕೆಲವರಿಗೆ ವೈದ್ಯರು ಡೈಸಲ್ಫಿರಾಮ್ ಮಾತ್ರೆ ಕೊಡುತ್ತಾರೆ. ಅದನ್ನು ನುಂಗುವವನು ಒಂದು ಗುಟುಕು ಮದ್ಯ ಕುಡಿದರೂ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಕೆಲವೊಮ್ಮೆ ಪ್ರಾಣಕ್ಕೇ ಅಪಾಯವಾಗಬಹುದು. ಪ್ರೀತಿಯಿಂದ ಕೊಟ್ಟ ಲೋಟವೂ ಅವನಿಗೆ ವಿಷವೇ.

ಬಾಣಂತಿಗೆ ಮೈ ಬೆಚ್ಚಗಾಗಲಿ, ಕೂಸಿಗೆ ನೆಗಡಿ ಹೋಗಲಿ ಎಂದು ಚಮಚೆ ಮದ್ಯ ಕೊಡುವ ರೂಢಿ ಕೆಲವು ಮನೆಗಳಲ್ಲಿದೆ. ಇದು ಬೇಡ. ತಾಯಿ ಕುಡಿದದ್ದು ಹಾಲಿಗೂ ಇಳಿಯುತ್ತದೆ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವೆಂದು ಹೇಳಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ತಿಳಿಸಿತು. ಸಂತ ಪೌಲರು ತಿಮೊಥೇಯನಿಗೆ ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳಲು ಬರೆದಿಲ್ಲವೇ ಎಂದು ನಮ್ಮ ಕೆಲವು ಹಿರಿಯರು ನಗುತ್ತಾ ಕೇಳುತ್ತಾರೆ. ಬರೆದಿದ್ದಾರೆ. ಅಂದು ತಿಮೊಥೇಯನಿಗೆ ಸಿಗುತ್ತಿದ್ದ ನೀರು ಎಂಥದೋ! ಇಂದು ನಮಗೆ ಕುದಿಸಿದ ನೀರಿದೆ, ಆಸ್ಪತ್ರೆಯಿದೆ.

ಕಾನೂನಿನ ಮಾತನ್ನೂ ಮುಚ್ಚಿಡಬಾರದು. ಆಂಧ್ರಪ್ರದೇಶದ 1968ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಗಡಿಯಾಚೆಯ ಕರ್ನಾಟಕದಲ್ಲೂ 1965ರ ಅಬಕಾರಿ ಕಾಯ್ದೆ ಇದೆ. ಹಬ್ಬದ ವೈನು ಇದರಿಂದ ಹೊರತು ಎಂದು ತಿಳಿಯಬೇಡಿ. 2019ರ ಡಿಸೆಂಬರಿನಲ್ಲಿ ಕೇರಳದ ಅಬಕಾರಿ ಇಲಾಖೆ ಕ್ರಿಸ್ತ ಜಯಂತಿಗೆ ಮುಂಚೆ ಮನೆಯ ವೈನಿನ ಬಗ್ಗೆ ಇದೇ ಎಚ್ಚರಿಕೆ ಕೊಟ್ಟಿತ್ತು. ದ್ರಾಕ್ಷಿ ಬೆಳೆಗಾರರು ಇದನ್ನು ಉದ್ಯಮವಾಗಿ ಮಾಡಬೇಕೆಂದರೆ ಪರವಾನಗಿಯ ದಾರಿಯೇ ಸರಿ. ಕರ್ನಾಟಕವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದು ಅಂಥ ದಾರಿ ಮಾಡಿಕೊಟ್ಟಿತು.

ಹೆಂಡ, ಸಾರಾಯಿಯ ಕಥೆ ಇನ್ನೂ ಕಹಿ. ತೆಲುಗು ಸೀಮೆಯ ಕೆಲವೆಡೆ ಹೆಂಡಕ್ಕೆ ಕ್ಲೋರಲ್ ಹೈಡ್ರೇಟ್, ನಿದ್ರೆ ಮಾತ್ರೆಯ ಪುಡಿ ಬೆರೆಸಿ ಮಾರಿದ್ದುಂಟು. ಅದಕ್ಕೆ ಬಿದ್ದವನು ಒಂದು ದಿನ ಸಿಗದಿದ್ದರೆ ನಡುಗುತ್ತಾನೆ, ಫಿಟ್ಸ್ ಬರುತ್ತದೆ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ಅಂಥ ಸಾವುಗಳಿಗೆ ಕಾರಣ ಕಾರ್ಖಾನೆಯ ಮೆಥನಾಲ್ ಬೆರಕೆ. ಮೆಥನಾಲ್ ಕಣ್ಣನ್ನು ಕುರುಡು ಮಾಡಿ ಆಮೇಲೆ ಜೀವ ತೆಗೆಯುತ್ತದೆ.

ನಮ್ಮ ರಾಜ್ಯದ ತಾಯಂದಿರು ಇದನ್ನು ಮೊದಲೇ ಅರಿತಿದ್ದರು. ನೆಲ್ಲೂರು ಜಿಲ್ಲೆಯ ದೂಬಗುಂಟ ಗ್ರಾಮದ ಹೆಂಗಸರು ಅಕ್ಷರ ಕಲಿಯುವ ತರಗತಿಯಲ್ಲಿ ಸೇರಿ, ಮಾತಾಡಿ, ಊರಿಗೆ ಸಾರಾಯಿ ಬರದಂತೆ ತಡೆದರು. 1992ರಲ್ಲಿ ಅದು ರಾಜ್ಯವ್ಯಾಪಿ ಚಳವಳಿಯಾಯಿತು. 1993ರಲ್ಲಿ ಸಾರಾಯಿ ನಿಷೇಧವಾಯಿತು. 1995ರಲ್ಲಿ ಪೂರ್ಣ ಪಾನನಿಷೇಧ ಬಂದು 1997ರಲ್ಲಿ ಸಡಿಲಗೊಂಡಿತು. ಕಾಯ್ದೆ ಬಂತು, ಹೋಯಿತು. ಆದರೆ ಆ ತಾಯಂದಿರ ಧೈರ್ಯ ನಮಗೆ ಪಾಠವಾಗಿ ಉಳಿದಿದೆ.

ಯೀಸ್ಟನ್ನು ಬಿಡಬೇಕೇ?

ಬೇಡ. ಯೀಸ್ಟ್ ಶತ್ರುವಲ್ಲ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಬೊಂಬಾಯಿಗೆ ಬಂದು, ಬಸುರಿಯರಾದ ಬಡ ಗಿರಣಿ ಕೆಲಸಗಾರ ಹೆಂಗಸರು ಒಂದು ಬಗೆಯ ರಕ್ತಹೀನತೆಯಿಂದ ಸಾಯುವುದನ್ನು ಕಂಡರು. ಬೀರು ಕಾರ್ಖಾನೆಯ ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಸಾರವನ್ನು ಕೊಟ್ಟಾಗ ಅವರು ಚೇತರಿಸಿಕೊಂಡರು. ಇದನ್ನು ಅವರು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಜೀವಸತ್ವವೇ ಫೋಲಿಕ್ ಆಮ್ಲ. ಇಂದು ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಅದೂ ಇದೆ. ತಪ್ಪದೆ ನುಂಗಿರಿ. ಹೀಗೆ ಬೀರಿನ ಗಸಿಯಲ್ಲಿ ಕೂತಿದ್ದ ಯೀಸ್ಟ್ ಬಡ ತಾಯಂದಿರ ಪ್ರಾಣ ಉಳಿಸಿತು.

ಆದ್ದರಿಂದ ಯೀಸ್ಟಿನ ರುಚಿಯನ್ನು ಹೋಲಿಸಿ ನೋಡಬೇಕೆಂದರೆ ಭರಣಿಯ ಬದಲು ಹಿಟ್ಟಿನ ಪಾತ್ರೆ ಸಾಕು. ನಮ್ಮ ಗುರುನಿವಾಸದ ಅಡುಗೆಮನೆಯಲ್ಲಿ ಮಾತೆಯರ ಸಂಘದವರ ಜೊತೆ ನಾವು ಮಾಡಿ ನೋಡಿದೆವು. ಮಂಗಳೂರು ಕಡೆಯ ಕ್ರೈಸ್ತರು ಹಬ್ಬಕ್ಕೆ ಮಾಡುವ ಸನ್ನಾ ಎಂಬ ಅಕ್ಕಿಯ ಕಡುಬನ್ನು ನೀವು ಕೇಳಿರಬಹುದು. ಅದಕ್ಕೆ ಹುಳಿ ಹೆಂಡದ್ದು. ಎರಡು ಪಾವು ಅಕ್ಕಿ, ಅರ್ಧ ಪಾವು ಉದ್ದಿನಬೇಳೆ ನೆನೆಸಿ ರುಬ್ಬಿ, ಆ ಹಿಟ್ಟನ್ನು ಮೂರು ಸಮಪಾಲು ಮಾಡಿದೆವು.

ಮೊದಲನೆಯದಕ್ಕೆ ಗುರುತಿನ ಈಡಿಗರು ಬೆಳಿಗ್ಗೆ ಇಳಿಸಿ ತಂದ ಹೊಸ ಹೆಂಡ. ಅದು ನಾಲ್ಕು ತಾಸಿಗೆ ಎದ್ದಿತು. ಹಬೆಯಲ್ಲಿ ಬೆಂದಾಗ ಹಣ್ಣಿನ ಘಮ, ನವಿರಾದ ಹುಳಿ, ಹತ್ತಿಯಂಥ ಮೃದುತ್ವ.

ಎರಡನೆಯದಕ್ಕೆ ಉಗುರುಬೆಚ್ಚಗಿನ ನೀರಿನಲ್ಲಿ ಸಕ್ಕರೆಯೊಂದಿಗೆ ಕರಗಿಸಿದ ಕಾಲು ಚಮಚೆ ಬೇಕರಿ ಯೀಸ್ಟ್. ಅದು ಒಂದೂವರೆ ತಾಸಿಗೇ ಉಕ್ಕಿತು. ಎತ್ತರ ಚೆನ್ನಾಗಿತ್ತು, ಆದರೆ ಹುಳಿಯಿಲ್ಲ, ಬನ್ನಿನ ವಾಸನೆ.

ಮೂರನೆಯದಕ್ಕೆ ಹಿಂದಿನ ದಿನದ ಇಡ್ಲಿ ಹಿಟ್ಟು ಎರಡು ಚಮಚೆ. ಅದಕ್ಕೆ ರಾತ್ರಿಯಿಡೀ ಬೇಕಾಯಿತು. ಇಲ್ಲಿ ದುಡಿದದ್ದು ಹೆಚ್ಚಾಗಿ ಯೀಸ್ಟಲ್ಲ, ಲ್ಯೂಕೋನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಹುಳಿ ಮುಂದೆ, ಘಮ ಹಿಂದೆ, ಮೈ ಸ್ವಲ್ಪ ಬಿಗಿ.

ತಾಯಂದಿರು ಕಣ್ಣು ಮುಚ್ಚಿ ತಿಂದರೂ ಯಾವುದು ಯಾವುದೆಂದು ಹೇಳಿದರು. ಹೆಚ್ಚಿನವರಿಗೆ ಹಿಡಿಸಿದ್ದು ಹೆಂಡದ್ದು. ಆದರೆ ಆ ಒಂಬತ್ತು ತಿಂಗಳ ತಾಯಿ ಮೂರನೆಯದನ್ನು ಆರಿಸಿ, "ನಮ್ಮ ಮನೆಗೆ ಇದು ಸಾಕು" ಎಂದರು. ಅವರು ಹೇಳಿದ್ದೇ ಸರಿ. ಬೆಂದ ಮೇಲೆ ಮದ್ಯಸಾರ ಬಹುಪಾಲು ಆವಿಯಾಗಿ ಹೋಗುತ್ತದೆ, ಪೂರ್ತಿ ಅಲ್ಲ. ಅದರ ವಾಸನೆಯೇ ಹಳೆಯ ಚಟವನ್ನು ಎಬ್ಬಿಸಬಹುದು. ಕುಡಿತ ಬಿಟ್ಟವರಿರುವ ಮನೆಗೆ ಹೆಂಡದ ಪಾತ್ರೆ ಬರದಿರುವುದೇ ಲೇಸು.

ಹಬ್ಬದ ಲೋಟಕ್ಕೆ ಏನು?

ನೀಲಿ ದ್ರಾಕ್ಷಿಯನ್ನು ತೊಳೆದು, ಸ್ವಲ್ಪ ನೀರಿನೊಂದಿಗೆ ಸ್ಟೀಲ್ ಪಾತ್ರೆಯಲ್ಲಿ ಬಿಸಿ ಮಾಡಿ, ಹಿಸುಕಿ ಬಟ್ಟೆಯಲ್ಲಿ ಸೋಸಿರಿ. ಸೋಸಿದ ರಸವನ್ನು ಮತ್ತೆ ಸುಮಾರು 80 ಡಿಗ್ರಿಗೆ, ಅಂದರೆ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವವರೆಗೆ, ಹತ್ತು ನಿಮಿಷ ಕಾಯಿಸಿ ಬಿಸಿಯಿದ್ದಾಗಲೇ ಕುದಿನೀರಿನಲ್ಲಿ ತೊಳೆದ ಸೀಸೆಗೆ ತುಂಬಿ ಮುಚ್ಚಿರಿ. ಆ ಬಿಸಿಗೆ ಯೀಸ್ಟ್ ಸಾಯುತ್ತದೆ. ಪಾಶ್ಚರ್ ಅವರು ಕಲಿಸಿದ ವಿಧಾನ ಇದೇ. ಚಕ್ಕೆ, ಲವಂಗ, ಶುಂಠಿ ಹಾಕಿದರೆ ಹಬ್ಬದ ಘಮ ತಾನಾಗಿ ಬರುತ್ತದೆ. ತಣ್ಣಗಿಟ್ಟು ವಾರದೊಳಗೆ ಬಳಸಿರಿ. ಗುಳ್ಳೆ ಎದ್ದರೆ, ವಾಸನೆ ಬದಲಾದರೆ ಚೆಲ್ಲಿರಿ. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಇದೂ ಹಿತಮಿತ.

ಬಲಿಪೂಜೆಯಲ್ಲಿ ದ್ರಾಕ್ಷಾರಸವೇ ಏಕೆ ಎಂದು ಯಾರಾದರೂ ಕೇಳಬಹುದು. ಅದು ದ್ರಾಕ್ಷಿಯಿಂದಲೇ ಆದ, ಕೆಡದ, ಬೆರಕೆಯಿಲ್ಲದ ರಸವಾಗಿರಬೇಕೆಂಬುದು ಧರ್ಮಸಭೆಯ ನಿಯಮ. ಆದರೆ ಮದ್ಯ ಸೇರದ ಗುರುಗಳಿಗಾಗಿ, ಹುಳಿ ಶುರುವಾದ ಕೂಡಲೇ ನಿಲ್ಲಿಸಿದ ಮುಸ್ತುಂ ಎಂಬ ದ್ರಾಕ್ಷಿರಸವನ್ನು ಧರ್ಮಾಧ್ಯಕ್ಷರ ಅನುಮತಿಯಿಂದ ಬಳಸಬಹುದೆಂದು 2003ರಲ್ಲಿ ರೋಮಿನಿಂದ ಬಂದ ಪತ್ರ ಸ್ಪಷ್ಟಪಡಿಸಿತು. ಪವಿತ್ರ ಪೀಠದ ಬಳಿಯಲ್ಲೇ ದುರ್ಬಲನಿಗೆ ದಾರಿ ಬಿಟ್ಟಿದ್ದಾರೆ. ನಮ್ಮ ಊಟದ ಜಗಲಿಯಲ್ಲಿ ನಾವು ಬಿಡಬಾರದೇ?

ಪ್ರಭು ಯೇಸು ದೇವರ ರಾಜ್ಯವನ್ನು ಹುಳಿಹಿಟ್ಟಿಗೆ ಹೋಲಿಸಿದರು. ಒಬ್ಬ ಹೆಂಗಸು ಅದನ್ನು ಮೂರು ಅಳತೆ ಹಿಟ್ಟಿನಲ್ಲಿ ಕಲಸಿಟ್ಟಳು. ಹುಳಿ ಸಣ್ಣದು, ಕಾಣದು. ಆದರೆ ಇಡೀ ಪಾತ್ರೆಯ ರುಚಿ ಅದರದ್ದೇ. 2022ರಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದಿದೆ. ಜಿಲ್ಲೆ ಎರಡಾದರೂ ನಮ್ಮ ಹಬ್ಬ ಒಂದೇ. ಈ ಬಾರಿ ಕ್ರಿಸ್ತ ಜಯಂತಿಗೆ ಮನೆಗೆ ಬಂದವರಿಗೆ ಲೋಟ ನೀಡುವ ಮುನ್ನ, ಅದರಲ್ಲಿ ಏನಿದೆ ಎಂದು ನಿಜ ಹೇಳೋಣ. ಬೇಡವೆಂದವರನ್ನು ಒತ್ತಾಯಿಸದಿರೋಣ. ಬಿಸಿ ಸನ್ನಾ, ಕಾಯಿಸಿದ ದ್ರಾಕ್ಷಿರಸ ಮುಂದಿಡೋಣ.

ಕುಡಿತ ಬಿಟ್ಟ ಆ ಸಹೋದರರು ಈ ಸಾಲುಗಳನ್ನು ಓದುತ್ತಿದ್ದರೆ ಒಂದು ಮಾತು: ಈ ಹಬ್ಬಕ್ಕೆ ಮೊದಲು ನಮ್ಮ ಗುರುನಿವಾಸಕ್ಕೇ ಬನ್ನಿ. ನಿಮ್ಮ ಲೋಟ ನಾವೇ ತುಂಬುತ್ತೇವೆ, ನಮ್ಮ ಲೋಟದಲ್ಲೂ ಅದೇ ರಸ ಇರುತ್ತದೆ.